ದೊಡ್ಡಬಸಪ್ಪನವರ ಎಡಮಂಡಿ

ಫೆಬ್ರವರಿ 17, ಸೋಮವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎಪ್ಪತ್ತಾರು ವರ್ಷದ ಹಂಪಮ್ಮ ಕಲ್ಯಾಣದುರ್ಗದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಹಿಂದೂಪುರದಲ್ಲಿ ಹುಣಸೆಹಣ್ಣಿನ ಸಗಟು ವ್ಯಾಪಾರ ಮಾಡುತ್ತಿದ್ದವರ ಹೆಂಡತಿ, ಈಗ ವಿಧವೆ. ಬಸ್ಸಿನ ಧೂಳು ಇನ್ನೂ ಸೆರಗಿನ ಮೇಲಿತ್ತು. ತಮ್ಮ ದೊಡ್ಡಬಸಪ್ಪ ಸತ್ತಿದ್ದಾನೆ, ಅದರ ಮೇಲೆ ಕಂಪ್ಲೇಂಟು ಬರೆದುಕೊಳ್ಳಬೇಕು ಎಂದರು.

ಹೆಡ್ ಕಾನ್‌ಸ್ಟೆಬಲ್ ನಾಗರಾಜುಗೆ ಆ ಹೆಸರು ಹೊಸದಲ್ಲ. ಪಾತ್ರೆ ಅಂಗಡಿಯ ದೊಡ್ಡಬಸಪ್ಪ ಎಂದರೆ ಊರಿಗೆಲ್ಲ ಗೊತ್ತು. ಬೆಳಗಿನಿಂದ ಅರ್ಧ ಊರು ತೆಂಗಿನಕಾಯಿ ಹಿಡಿದು ಆ ಮನೆಯ ಕಡೆಗೇ ಹೊರಟಿತ್ತು.

“ಅಮ್ಮಾ, ಅವ್ರು ಪದ್ಮಾಸನದಾಗೇ ಲಿಂಗೈಕ್ಯ ಆದ್ರಂತಲ್ಲ? ಡ್ಯೂಟಿ ಮುಗಿಸ್ಕೊಂಡು ನಾನೂ ಕಾಯಿ ಒಡ್ಸೋಕೆ ಹೋಗೋನಿದ್ದೆ.”

“ಅದೇ ಕಣಪ್ಪ ನನ್ನ ಕಂಪ್ಲೇಂಟು. ನನ್ನ ತಮ್ಮನ್ಗೆ ಪದ್ಮಾಸನ ಹಾಕೋಕೆ ಬತ್ತಿರ್ಲಿಲ್ಲ.”

ನಾಗರಾಜು ಪೆನ್ನು ಕೆಳಗಿಟ್ಟು ಆಕೆಯನ್ನು ಇನ್‌ಸ್ಪೆಕ್ಟರ್ ರೇಣುಕಾಪ್ರಸಾದ್ ಅವರ ಕೋಣೆಗೆ ಕರೆದೊಯ್ದ.

“ಯಾವಾಗ ತಿಳೀತು?” ಇನ್‌ಸ್ಪೆಕ್ಟರ್ ಕೇಳಿದರು.

“ಬೆಳಿಗ್ಗೆ ಆರಕ್ಕೆ ಅವನ ಮಗ ಅಮರೇಶ ಫೋನ್ ಮಾಡ್ದ. ಅಪ್ಪ ನಿದ್ದೇಲೇ ಹೋಗ್ಬುಟ್ಟ ಅತ್ತೆ ಅಂದ. ಸಿಕ್ಕಿದ ಬಸ್ಸು ಹತ್ತಿ ಬಂದ್ಬುಟ್ಟೆ.”

“ಬಂದಾಗ ಏನು ನೋಡಿದ್ರಿ?”

“ಮಂಚದ ಮ್ಯಾಲೆ ಅಂಗಾತ ಮಲಗ್ಸಿದ್ರು. ಕಂಬಳಿ ಕೆಳಗೆ ಕಾಲು ಗುಪ್ಪೆಯಂಗೆ ಎದ್ದಿತ್ತು. ತೆಗೆದು ನೋಡಿದ್ರೆ ಎರಡೂ ಕಾಲು ಮಡಿಚಿ ಚಕ್ಕಳಮಕ್ಕಳ. ಜನ ಶಿವ ಶಿವಾ ಅಂತ ಕೈ ಮುಗೀತಾವ್ರೆ. ನಂಗೆ ಮೈ ಉರಿದೋಯ್ತು. ಕಂಬದೂರು ರೋಡಲ್ಲಿ ಸ್ಕೂಟರ್ ಬಿದ್ದು ಎಡಮಂಡಿಗೆ ಪ್ಲೇಟು ಹಾಕ್ಸಿದ್ದ. ಆವತ್ತಿಂದ ಆ ಕಾಲು ಮಡಿಚ್ತಿರ್ಲಿಲ್ಲ. ಲಿಂಗಪೂಜೇನೂ ಕುರ್ಚಿ ಮ್ಯಾಲೆ ಕೂತೇ ಮಾಡೋನು. ಬದುಕಿದ್ದಾಗ ಮಡಿಚದ ಮಂಡೀನ ಯಾರು ಮಡಿಚಿದ್ರು, ಅದನ್ನ ಹೇಳಿ ಸಾರ್.”

ರೇಣುಕಾಪ್ರಸಾದ್ ಹುಟ್ಟಿದ್ದು ಬೆಳುಗುಪ್ಪದಲ್ಲಿ, ಅದೇ ಲಿಂಗಾಯತ ಜನರ ನಡುವೆ. ಲಿಂಗ ಕಟ್ಟಿದವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಉಸಿರು ನಿಂತ ಕೂಡಲೇ ಕಾಲು ಮಡಿಚಿ, ಗೋಡೆಗೆ ಒರಗಿಸಿ, ಎದೆಗೆ ಬಟ್ಟೆ ಕಟ್ಟಿ ಕೂರಿಸುತ್ತಾರೆ. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಮಣ್ಣು. ತಡವಾದರೆ ದೇಹ ಸೆಟೆದುಕೊಳ್ಳುತ್ತದೆ, ಆಮೇಲೆ ಕೂರಿಸಬೇಕೆಂದರೆ ಕೀಲು ಮುರಿಯಬೇಕು. ಇದು ಆ ಮನೆಗಳ ಮಕ್ಕಳಿಗೂ ಗೊತ್ತು. ಯಾರೋ ದೊಡ್ಡಬಸಪ್ಪನವರನ್ನು ರಾತ್ರಿಯೇ ಕೂರಿಸಿದ್ದಾರೆ, ಸೆಟೆದುಕೊಂಡ ಮೇಲೆ ಮತ್ತೆ ಮಲಗಿಸಿದ್ದಾರೆ, ಬೆಳಿಗ್ಗೆ ನಿದ್ದೆಯಲ್ಲಿ ಹೋದರು ಎಂದಿದ್ದಾರೆ.

ನಾಗರಾಜು ದೂರು ಬರೆಯತೊಡಗಿದ. ಒಂದೊಂದು ಇಂಗ್ಲಿಷ್ ಮಾತಿಗೂ ಹಂಪಮ್ಮ ಅವನ ಕೈ ತಡೆದರು. ಅರ್ಥ ತಿಳಿಯದೆ ಸೈನು ಹಾಕುವುದಿಲ್ಲ ಎಂದರು.

“ಡಿಸೀಸ್ಡ್ ಅಂದ್ರೆ?”

“ತೀರ್ಕೊಂಡೋರು ಅಮ್ಮಾ.”

“ಹಂಗೇ ಬರಿ ಮತ್ತೆ. ಸಸ್ಪಿಷಸ್ ಡೆತ್ತು?”

“ಅನುಮಾನದ ಸಾವು.”

ಸಾವಿಗೆ ಇಂಗ್ಲಿಷ್ ಬಟ್ಟೆ ಉಡಿಸುವುದು ಈ ಗಡಿಯ ಮಂದಿಗೆ ಚೆನ್ನಾಗಿ ರೂಢಿಯಾಗಿದೆ. ತೆಲುಗಿನಲ್ಲಿ ಚನಿಪೋಯಾಡು ಎನ್ನಲು ಬಾಯಿ ಬಾರದು, ಕನ್ನಡದಲ್ಲಿ ಸತ್ತ ಎನ್ನಲು ಎದೆಗಾರಿಕೆ ಸಾಲದು. ಎಕ್ಸ್‌ಪೈರ್ ಆದರು ಎಂದುಬಿಟ್ಟರೆ ಔಷಧಿ ಬಾಟಲಿಯ ತಾರೀಕು ಮುಗಿದಷ್ಟೇ ಸಲೀಸು. ಮನುಷ್ಯ ಬಾಡಿಯಾಗುತ್ತಾನೆ, ಹೆಣದ ಕೋಣೆ ಮಾರ್ಚುರಿಯಾಗುತ್ತದೆ, ಆಡಿದವನ ನಾಲಿಗೆ ಸುಡುವುದಿಲ್ಲ. ಹಂಪಮ್ಮನಿಗೆ ಈ ಸಲೀಸು ಬೇಕಿರಲಿಲ್ಲ.

“ಪೋಸ್ಟ್‌ಮಾರ್ಟಂ ಅಂದ್ರೆ ಕೊಯ್ಯೋದು. ಅದು ನಂಗೊತ್ತು” ಎಂದರು.

“ಪದದ ಅರ್ಥ ಸಾವಿನ ನಂತರ ಅಂತ, ಅಷ್ಟೇ” ಎಂದರು ರೇಣುಕಾಪ್ರಸಾದ್.

“ಅಷ್ಟೇನಾ? ಮಲಗ್ಸಿ ಕೊಯ್ಬೇಕು ಅಂದ್ರೆ ಕಾಲು ಬಿಚ್ಚಲ್ವಾ?”

“ಬಿಚ್ಚಲೇಬೇಕು.”

“ಆಮೇಲೆ ಕೂರ್ಸೋಕಾಯ್ತದಾ?”

“ಹೇಳೋಕಾಗಲ್ಲ ಅಮ್ಮಾ. ಈಗ ಎದ್ದು ಹೋದ್ರೆ ಸಂಜೆ ಅವರು ಕೂತಂತೇ ಮಣ್ಣಿಗೆ ಹೋಯ್ತಾರೆ. ಸೈನ್ ಮಾಡಿದ್ರೆ ಕೊಯ್ಯೋದನ್ನ ನನ್ನ ಕೈಲಿ ತಡೆಯೋಕಾಗಲ್ಲ.”

ತಾಯಿ ಸತ್ತಾಗ ಆ ತಮ್ಮನಿಗೆ ನಾಲ್ಕು ವರ್ಷ. ಬೆಳೆಸಿದವರು ಹಂಪಮ್ಮನೇ. ಅವನನ್ನು ಸರಿಯಾಗಿ ಕಳಿಸಿಕೊಡುವುದು ಒಂದು, ಅವನು ಹೇಗೆ ಹೋದ ಎಂದು ತಿಳಿಯುವುದು ಇನ್ನೊಂದು. ಎರಡೂ ಸಿಗುವ ಹಾಗಿರಲಿಲ್ಲ. ಕೊನೆಗೆ ಪೆನ್ನು ಕೇಳಿ ಪಡೆದು ಸೈನು ಹಾಕಿದರು. ಬಿ.ಎನ್.ಎಸ್.ಎಸ್. 194ನೇ ಸೆಕ್ಷನ್ ಅಡಿ ಅನುಮಾನಾಸ್ಪದ ಸಾವು ಎಂದು ಎಫ್.ಐ.ಆರ್. ದಾಖಲಾಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಪೊಲೀಸರು ಮನೆ ತಲುಪಿದಾಗ ಬಾಗಿಲಿನ ಮುಂದೆ ಶಾಮಿಯಾನ ಎದ್ದಿತ್ತು. ವರ್ತಕರ ಸಂಘದ ಸೋಮಶೇಖರಪ್ಪ ಎದುರಿಗೇ ಬಂದರು.

“ಏಮಯ್ಯಾ ಇನ್‌ಸ್ಪೆಕ್ಟರ್, ಇಂಥಾ ಮಹಾತ್ಮನ ಮನೆಗೆ ಪೊಲೀಸಾ? ಸಮಾಧಿ ಕಟ್ಸೋಕೆ ಜಾಗ ನೋಡ್ತಾ ಇದ್ದೀವಿ ನಾವು.”

“ಕಟ್ಸಿ. ಮೊದಲು ಪಂಚನಾಮೆಗೆ ಪಂಚರು ಬೇಕು. ನೀವೇ ಬನ್ನಿ.”

ಸೋಮಶೇಖರಪ್ಪನ ಉತ್ಸಾಹ ಅಲ್ಲಿಗೇ ಇಳಿಯಿತು. ಊರಿಗೆ ಒಬ್ಬ ಮಹಾತ್ಮ ಸಿಕ್ಕರೆ ಅಂಗಡಿ ಬೀದಿಗೆ ಒಳ್ಳೆಯದು. ಆದರೆ ಪಂಚನಾಮೆಗೆ ಸಹಿ ಹಾಕಿದರೆ ನಾಳೆ ಕೋರ್ಟಿಗೆ ಅಲೆಯಬೇಕು. ಆದರೂ ಗೊಣಗುತ್ತಲೇ ಒಳಗೆ ಬಂದರು.

ಪಂಚನಾಮೆಯಲ್ಲಿ ಕಂಡದ್ದು ಇಷ್ಟು. ದೇಹ ಅಂಗಾತ, ಕಾಲು ಮಡಿಚಿ ಸೆಟೆದಿತ್ತು. ಹಣೆಯ ವಿಭೂತಿ ಅಚ್ಚುಕಟ್ಟಾಗಿತ್ತು. ಎದೆಗೆ ಅಡ್ಡಲಾಗಿ, ಕಂಕುಳ ಕೆಳಗೆ, ಬಟ್ಟೆ ಬಿಗಿದ ಗುರುತು. ಮೇಲ್ದುಟಿಯ ಒಳಭಾಗ ಹಲ್ಲಿಗೆ ಒತ್ತಿ ಸೀಳಿತ್ತು. ಮಂಚದ ಪಕ್ಕದ ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಸುಣ್ಣ ಬೆನ್ನಿಗೆ ಉಜ್ಜಿ ಹೋಗಿತ್ತು.

ಮಗ ಅಮರೇಶನಿಗೆ ನಲವತ್ತೆರಡು. ಪಾತ್ರೆ ಅಂಗಡಿ ಈಗ ಅವನ ಕೈಯಲ್ಲಿ. ಜನ ತಂದೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಾಗ ಅವನು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಹೆಂಡತಿ ಶಿವಲೀಲಾ ತವರಿಗೆ ಹೋಗಿದ್ದವಳು ಬೆಳಿಗ್ಗೆ ತಾನೇ ಬೆಳುಗುಪ್ಪದಿಂದ ಬಂದಿದ್ದಳು.

“ರಾತ್ರಿ ಮನೇಲಿ ಯಾರಿದ್ರು?”

“ನಾನು, ಅಪ್ಪ.”

“ಬಾಗಿಲು?”

“ಒಳಗಿಂದ ಚಿಲಕ ಹಾಕಿದ್ದೆ.”

“ಕಡೇ ಸಲ ಮಾತಾಡಿದ್ದು ಯಾವಾಗ?”

“ಊಟ ಆದ್ಮೇಲೆ. ಎಂಟು ಗಂಟೆ.”

“ಏನಂದ್ರು?”

“ನಾಳೆ ಅಂಗಡಿಗೆ ಬತ್ತೀನಿ ಅಂದ್ರು.”

ಅದು ನಿಜವಿರಬೇಕು ಎಂದು ರೇಣುಕಾಪ್ರಸಾದ್‌ಗೆ ಅನಿಸಿತು. ಸುಳ್ಳು ಹೇಳುವವನು ಇದಕ್ಕಿಂತ ದೊಡ್ಡ ಮಾತು ಕಟ್ಟುತ್ತಿದ್ದ.

ಸಂಜೆಯ ಹೊತ್ತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮುಗಿಯಿತು. ಡಾಕ್ಟರು ಕೈ ತೊಳೆದುಕೊಂಡು ಹೊರಬಂದು ಇಂಗ್ಲಿಷಿನಲ್ಲೇ ಶುರು ಮಾಡಿದರು. ರೈಗರ್ ಮಾರ್ಟಿಸ್, ಲಿವಿಡಿಟಿ, ಆಂಟಿಮಾರ್ಟಂ ಎಂದೆಲ್ಲ ಬಂದಾಗ ನಾಗರಾಜು ಸಾಹೇಬರ ಮುಖ ನೋಡಿದ.

“ರೈಗರ್ ಮಾರ್ಟಿಸ್ ಅಂದ್ರೆ ಸತ್ತ ಮೇಲೆ ದೇಹ ಸೆಟೆದುಕೊಳ್ಳೋದು” ಎಂದರು ರೇಣುಕಾಪ್ರಸಾದ್. “ಕೂತಿದ್ದಂತೆಯೇ ಸೆಟೆದಿದೆ. ಲಿವಿಡಿಟಿ ಅಂದ್ರೆ ರಕ್ತ ಕೆಳಗಿಳಿದು ನಿಲ್ಲೋದು. ಇವರಿಗೆ ಬೆನ್ನಲ್ಲಿ ನಿಂತಿಲ್ಲ, ಕೂರುವ ಜಾಗದಲ್ಲಿ, ಕಾಲಲ್ಲಿ ನಿಂತಿದೆ. ಗಂಟೆಗಟ್ಟಲೆ ಕೂತಿದ್ದಾರೆ.”

“ತುಟಿಯ ಗಾಯ ಆಂಟಿಮಾರ್ಟಂ, ಸಾವಿಗೆ ಮುಂಚಿನದು” ಎಂದರು ಡಾಕ್ಟರು. “ದಿಂಬು ಒತ್ತಿದ್ದಾರೆ. ಉಸಿರುಗಟ್ಟಿಯೇ ಸಾವು. ಎಡಮಂಡಿಯೊಳಗೆ ಹರಿದಿದೆ, ಆದರೆ ಸುತ್ತ ರಕ್ತ ಸುರಿದಿಲ್ಲ. ಅದು ಸತ್ತ ಮೇಲೆ ಆದದ್ದು. ಇನ್ನೊಂದು ವಿಷಯ. ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಮನೆಯವರಿಗೆ ಗೊತ್ತಿತ್ತಾ?”

ಜೀಪು ಹತ್ತಿದ ಮೇಲೆ ನಾಗರಾಜು ಬಾಯಿ ಬಿಟ್ಟ. “ಇಬ್ರು ಸಾರ್. ಒಬ್ಬ ಸಾಯ್ಸಿದ, ಇನ್ನೊಬ್ಬ ಕೂರ್ಸಿದ. ದಿಂಬು ಒತ್ತಿದೋನು ಅಷ್ಟು ನೀಟಾಗಿ ವಿಭೂತಿ ಹಚ್ತಾನಾ?”

“ಒಬ್ಬನೇ ಇರ್ಬೋದು ನಾಗರಾಜು. ಕೂರಿಸೋಕೆ ಅಷ್ಟು ಆತುರ ಯಾರಿಗಿರ್ತದೆ? ಬೇರೆಯವನಾಗಿದ್ರೆ ಹಾಗೇ ಬಿಟ್ಟು ಓಡಿಹೋಗ್ತಿದ್ದ.”

ಗಡ್ಡೆಯ ವಿಷಯ ಶಿವಲೀಲಾಳಿಗೆ ಗೊತ್ತಿತ್ತು. ಮಾವನನ್ನು ಹಿಂದೂಪುರದ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಿದ್ದೆವು, ಅವರಿಗೆ ಗ್ಯಾಸ್ ಟ್ರಬಲ್ ಎಂದು ಹೇಳಿದ್ದೆವು ಎಂದಳು. ಮರುದಿನ ಬೆಳಿಗ್ಗೆ ರೇಣುಕಾಪ್ರಸಾದ್ ಮತ್ತು ನಾಗರಾಜು ಹಿಂದೂಪುರಕ್ಕೆ ಹೊರಟರು. ತನಿಖೆಗೆಂದು ಇರಿಸಿಕೊಂಡ ದೊಡ್ಡಬಸಪ್ಪನವರ ದೇಹ ಮಾರ್ಚುರಿಯ ಫ್ರೀಜರಿನಲ್ಲಿ ಇತ್ತು. ಹಂಪಮ್ಮ ಹೊರಗಿನ ಕಲ್ಲುಬೆಂಚು ಬಿಟ್ಟು ಏಳಲಿಲ್ಲ.

ಹಿಂದೂಪುರದ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ತಿಳಿಹೇಳುವ ಕೆಲಸ ಸಿಸ್ಟರ್ ಪ್ರಮೀಳಾ ಅವರದು. ನೇಕಾರರ ಮನೆಯ ಹೆಣ್ಣುಮಗಳು, ಮಾತು ಚುರುಕು. ಅಮರೇಶನ ಫೋಟೋ ತೋರಿಸಿದೊಡನೆ ಗುರುತು ಹಿಡಿದರು.

“ಬಂದಿದ್ರು ಸಾರ್. ಹೋದ ವಾರ ಒಬ್ರೇ ಬಂದ್ರು. ಡಾಕ್ಟರು ಹೇಳಿದ ಒಂದೊಂದು ಮಾತೂ ಕನ್ನಡದಾಗೆ ಕೇಳಿದ್ರು. ಟರ್ಮಿನಲ್ ಅಂದ್ರೇನು? ವಾಸಿ ಆಗದ ಕಾಯಿಲೆ ಅಂದೆ. ಪ್ಯಾಲಿಯೇಟಿವ್ ಅಂದ್ರೇನು? ನೋವಿಲ್ದಂಗೆ ನೋಡ್ಕೊಳ್ಳೋದು ಅಂದೆ. ಮನೇಲೇ ಇರ್ಬೋದು, ಮಾತ್ರೆ ಕೊಡ್ತೀವಿ, ಇನ್ನೂ ಕೆಲವು ತಿಂಗಳು ಓಡಾಡ್ಕೊಂಡೇ ಇರ್ತಾರೆ ಅಂದೆ.”

“ಒಪ್ಪಿದ್ರಾ?”

“ಲೇದು ಸಾರ್. ಕಿವಿಗೇ ಹಾಕ್ಕೊಳ್ಳಲಿಲ್ಲ. ವೆಂಟಿಲೇಟರ್ ಹಾಕ್ತಾರಾ, ಆಸ್ಪತ್ರೇಲೇ ಹೋದ್ರೆ ಎಷ್ಟು ಹೊತ್ತಿಗೆ ಬಾಡಿ ಕೊಡ್ತಾರೆ, ಎಷ್ಟು ಗಂಟೇಲಿ ಸೆಟೆದುಕೊಳ್ತದೆ ಅಂತ ಕೇಳಿದ್ರು. ನಂಗೆ ಸಿಟ್ಟು ಬಂತು. ನಾನು ಅವರಪ್ಪ ಬದುಕೋದು ಹೇಳ್ತಿದ್ದೀನಿ, ಇವರು ಸಾಯೋದು ಕೇಳ್ತಾರೆ! ಆದ್ರೂ ಹೇಳ್ದೆ. ಎರಡು ಮೂರು ಗಂಟೇಲಿ ಶುರು ಆಗ್ತದೆ, ಅದಕ್ಕೆ ರೈಗರ್ ಮಾರ್ಟಿಸ್ ಅಂತಾರೆ ಅಂದೆ.”

“ಅಪ್ಪನಿಗೆ ಹೇಳಿದ್ದೀರಾ ಅಂತ ಕೇಳಿದ್ರಾ?”

“ಕೇಳ್ದೆ. ಹೇಳಿದ್ರೆ ತಡ್ಕೊಳ್ಳಲ್ಲ ಅಂದ್ರು. ಎಲ್ರೂ ಹಂಗೇ ಅಂತಾರೆ ಸಾರ್.”

ಪ್ರಮೀಳಾ ಅವರ ಹೇಳಿಕೆ ಬರೆಸಿಕೊಂಡು ಇಬ್ಬರೂ ಮಧ್ಯಾಹ್ನಕ್ಕೆ ವಾಪಸಾದರು. ಮಾರ್ಚುರಿಯ ಮುಂದೆ ರೇಣುಕಾಪ್ರಸಾದ್ ಹಂಪಮ್ಮನ ಪಕ್ಕ ಕುಳಿತರು.

“ಅಮ್ಮಾ, ನಿಮ್ಮ ತಮ್ಮನಿಗೆ ಕ್ಯಾನ್ಸರ್ ಇತ್ತು. ನಿಮಗೆ ಗೊತ್ತಿತ್ತಾ?”

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಅಮರೇಶ ಹೇಳಿದ್ದ. ಹೋದ ವಾರ ನನ್ನ ತಮ್ಮನೇ ಫೋನ್ ಮಾಡ್ದ. ಅಕ್ಕಾ, ಆಸ್ಪತ್ರೆ ಚೀಟೀಲಿ ಪ್ಯಾಲಿಯೇಟಿವ್ ಅಂತ ಬರ್ದವ್ರಂತೆ, ಯಾರನ್ನಾದ್ರೂ ಕೇಳಿ ಹೇಳು ಅಂದ. ನಮ್ಮ ಬಾಡಿಗೆ ಮನೇಲಿ ಓದೋ ಹುಡುಗಿ ಅವ್ಳೆ, ಅವಳ ಹತ್ರ ಕೇಳ್ದೆ, ಅವಳು ಸರಿಯಾಗೇ ಹೇಳಿದ್ಲು. ನಾನು ಇವನಿಗೆ, ಗುಣ ಆಗೋ ಔಷಧಿ ಕಣಪ್ಪ, ಇನ್ನೇನು ಅಂಗಡಿಗೆ ಹೋಯ್ತೀಯ ಅಂದ್ಬುಟ್ಟೆ.”

ರೇಣುಕಾಪ್ರಸಾದ್ ಎದ್ದರು. ಮಗ, ಸೊಸೆ, ಅಕ್ಕ, ನರ್ಸು, ಬಾಡಿಗೆ ಮನೆಯ ಹುಡುಗಿ. ಆ ಪದದ ಅರ್ಥ ಎಲ್ಲರಿಗೂ ತಿಳಿದಿತ್ತು. ಯಾರ ಹೊಟ್ಟೆಯಲ್ಲಿ ಗಡ್ಡೆ ಇತ್ತೋ ಅವರಿಗೊಬ್ಬರಿಗೆ ಬಿಟ್ಟು. ಅವರಿಗೆ ತಿಳಿದಿದ್ದರೆ ಏನು ಬೇಕು, ಏನು ಬೇಡ ಎಂದು ಬಾಯಿ ಬಿಟ್ಟು ಹೇಳಿರುತ್ತಿದ್ದರು. ಪ್ರೀತಿಯ ಹೆಸರಲ್ಲಿ ಒಬ್ಬ ಮನುಷ್ಯನ ಬಾಯಿಯನ್ನು ಎಷ್ಟು ಜನ ಸೇರಿ ಮುಚ್ಚಿದ್ದರು ಎಂದು ಇನ್‌ಸ್ಪೆಕ್ಟರಿಗೆ ಅಸಹ್ಯವೇ ಆಯಿತು.

ಮಧ್ಯಾಹ್ನ ಮೂರಕ್ಕೆ ಅಮರೇಶನನ್ನು ಠಾಣೆಗೆ ಕರೆಸಿದರು.

“ಹಿಂದೂಪುರಕ್ಕೆ ಹೋಗಿದ್ವಿ. ಸಿಸ್ಟರ್ ಪ್ರಮೀಳಾ ಎಲ್ಲಾ ಹೇಳಿದ್ರು.”

ರೇಣುಕಾಪ್ರಸಾದ್ ಪಂಚನಾಮೆಯ ಹಾಳೆ ಅವನ ಮುಂದಿಟ್ಟರು.

“ಎದೆಗೆ ಏನು ಕಟ್ಟಿದ್ದೆ?”

“ಅಮ್ಮನ ಸೀರೆ.” ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿಯೇ ಬಂತು.

ತಾಯಿ ಗಂಗಕ್ಕ ಎರಡು ವರ್ಷದ ಕೆಳಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬಹಳ ದಿನ ವೆಂಟಿಲೇಟರಿನಲ್ಲಿದ್ದು ತೀರಿಕೊಂಡಿದ್ದರು. ಐಸ್ ಪೆಟ್ಟಿಗೆಯಲ್ಲಿ ಬಂದ ದೇಹ ಹಲಗೆಯಂತೆ ಸೆಟೆದಿತ್ತು. ಕೂರಿಸಲು ನಾಲ್ಕು ಜನ ಮಂಡಿಯ ಮೇಲೆ ಭಾರ ಹಾಕಿದರು. ಕೀಲು ಮುರಿದ ಆ ಸದ್ದು ಹಿತ್ತಲಿಗೂ ಕೇಳಿಸಿತು.

“ಅಪ್ಪ ಎದ್ದು ಹೊರಗೆ ಹೋದ್ರು ಸಾರ್. ನನ್ನ ಹಿಂಗ್ ಮಾಡ್ಬ್ಯಾಡ ಕಣ್ಲಾ ಅಂದ್ರು. ಆ ಸದ್ದು ನನ್ನ ಕಿವಿ ಬಿಟ್ಟು ಹೋಗಿಲ್ಲ.”

“ಸಾಯ್ಸು ಅಂದ್ರಾ?”

“ಇಲ್ಲ.”

“ಕಾಯಿಲೆ ಬಗ್ಗೆ ಗೊತ್ತಿತ್ತಾ?”

“ಇಲ್ಲ. ಹೆಂಗೂ ಹೋಗೋರೇ ಅಲ್ವಾ? ಆಸ್ಪತ್ರೆ ಸೇರೋಕೆ ಮುಂಚೆ, ಮನೇಲೇ, ಮರ್ಯಾದೆಯಾಗಿ ಹೋಗ್ಲಿ ಅಂದ್ಕೊಂಡೆ. ಉಸಿರು ನಿಂತ ತಕ್ಷಣ ಕೂರ್ಸ್ದೆ. ಎಡಗಾಲು ಬಗ್ಗಲಿಲ್ಲ. ಅದೊಂದು... ಒತ್ಬೇಕಾಯ್ತು.”

“ಆಗ್ಲೇ ಯಾಕೆ ಜನ ಕರೀಲಿಲ್ಲ?”

“ಬಾಗಿಲು ತೆಗೆಯೋಕೆ ಧೈರ್ಯ ಬರ್ಲಿಲ್ಲ. ಅವರೆದುರಿಗೇ ಕೂತಿದ್ದೆ. ಬೆಳಗಾದಂಗೆ, ಯಾರು ಕೂರ್ಸಿದ್ದು ಅಂತ ಕೇಳ್ತಾರಲ್ಲ ಅಂತ ಭಯ ಆಯ್ತು. ಸೀರೆ ಬಿಚ್ಚಿ ಮಲಗ್ಸ್ದೆ. ಕಾಲು ನೆಟ್ಟಗೆ ಮಾಡೋಕೆ ಹೋಗ್ಲಿಲ್ಲ. ಮುರೀಬೇಕಾಗಿತ್ತು.”

“ದಿಂಬು ಒತ್ತುವಾಗ ಎಚ್ಚರ ಇತ್ತಾ ಅವರಿಗೆ?”

ಅಮರೇಶ ತನ್ನ ಬಲ ಮಣಿಕಟ್ಟು ನೋಡಿಕೊಂಡ. “ನಿದ್ದೇಲಿದ್ರು. ಆಮೇಲೆ ಎಚ್ಚರ ಆಯ್ತು. ನನ್ನ ಕೈ ಹಿಡ್ಕೊಂಡ್ರು. ಬಿಡಿಸ್ಕೊಳ್ಳೋಕೋ, ಜೊತೇಲಿರು ಅಂತಲೋ, ಗೊತ್ತಾಗ್ಲಿಲ್ಲ ಸಾರ್.”

“ಗೊತ್ತಾಗದಿದ್ರೆ ನಿಲ್ಲಿಸ್ಬೇಕಿತ್ತು.”

“ನಿಲ್ಸಿದ್ರೆ ಇನ್ನೊಂದ್ಸಲ ಕೈ ಬತ್ತಿರ್ಲಿಲ್ಲ.”

ಸೆಕ್ಷನ್ ಬಿ.ಎನ್.ಎಸ್. 103ಕ್ಕೆ, ಅಂದರೆ ಕೊಲೆಗೆ, ಬದಲಾಯಿತು. ಸಂಜೆ ನಾಲ್ಕೂವರೆಗೆ ಅಮರೇಶನನ್ನು ಬಂಧಿಸಿ, ಶಿವಲೀಲಾಳಿಗೆ ತಿಳಿಸಿ, ಅರೆಸ್ಟ್ ಮೆಮೊಗೆ ಸಹಿ ಪಡೆದರು. ಅವನ ಹೇಳಿಕೆಯನ್ನು ಹಂಪಮ್ಮನಿಗೆ ರೇಣುಕಾಪ್ರಸಾದ್ ತಾವೇ ಕನ್ನಡದಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಮರ್ಸಿ ಕಿಲ್ಲಿಂಗ್ ಎಂಬ ಮಾತಿದೆಯಂತಲ್ಲ, ದಯಾಮರಣವಂತೆ, ಹಾಗೆ ಬರೆಯಬಹುದಾ ಸಾರ್ ಎಂದು ನಾಗರಾಜು ಮೆಲ್ಲಗೆ ಕೇಳಿದ. ಬೇಡಿದವರೇ ಇಲ್ಲದಿರುವಾಗ ದಯೆ ಯಾರ ಮೇಲೆ ಎಂದರು ರೇಣುಕಾಪ್ರಸಾದ್.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಇನ್ನೂ ಸಮಯವಿತ್ತು. ತಂದೆಯ ಮಣ್ಣಿಗೆ ಬಿಡಿ ಎಂದು ಅಮರೇಶ ಬೇಡಿಕೊಂಡ. ಇಬ್ಬರು ಕಾನ್‌ಸ್ಟೆಬಲ್‌ಗಳ ಜೊತೆ ಅವನನ್ನು ಜೀಪಿನಲ್ಲಿ ರುದ್ರಭೂಮಿಗೆ ಕರೆದೊಯ್ದರು. ನಿನ್ನೆಯ ಭಕ್ತರಲ್ಲಿ ಮುಕ್ಕಾಲು ಪಾಲು ಬಂದಿರಲಿಲ್ಲ. ಸೋಮಶೇಖರಪ್ಪನಿಗೆ ಅನಂತಪುರದಲ್ಲಿ ಅರ್ಜೆಂಟ್ ಕೆಲಸವಿತ್ತಂತೆ.

ಫ್ರೀಜರಿನಿಂದ ಬಂದ ದೇಹ ಕಲ್ಲಾಗಿತ್ತು. ಡಾಕ್ಟರು ನೆಟ್ಟಗೆ ಮಾಡಿದ್ದ ಕಾಲುಗಳನ್ನು ಮತ್ತೆ ಮಡಿಚಲು ನಾಲ್ಕು ಜನ ಬೇಕಾದರು. ಜೀಪಿನೊಳಗಿದ್ದ ಅಮರೇಶ ಎರಡೂ ಕಿವಿ ಮುಚ್ಚಿಕೊಂಡು ಬಗ್ಗಿ ಕುಳಿತ. ಆದರೂ ಕೇಳಿಸಿತು.

ಕೂರಿಸಿದ ಮೇಲೆ ಹಂಪಮ್ಮ ಜೀಪಿನ ಹತ್ತಿರ ಬಂದರು.

“ಅತ್ತೆ, ಒಂದು ಹಿಡಿ ಮಣ್ಣು ಹಾಕ್ತೀನಿ. ಇವರಿಗೆ ಹೇಳು” ಎಂದ ಅಮರೇಶ.

“ಕೈ ಹಿಡ್ದ ಅಂದ್ಯಂತೆ. ಹೆಂಗ್ ಹಿಡ್ದ? ತೋರ್ಸು.”

ಅವನು ತನ್ನ ಎಡಗೈಯಿಂದ ಬಲ ಮಣಿಕಟ್ಟನ್ನು ಸುತ್ತ ಹಿಡಿದು ತೋರಿಸಿದ. ಹೆಬ್ಬೆರಳು ಒಳಕ್ಕೆ, ಉಳಿದ ಬೆರಳು ಅದರ ಮೇಲೆ ಬಿಗಿಯಾಗಿ.

ಹಂಪಮ್ಮ ಆ ಕೈಯನ್ನು ನೋಡುತ್ತ ನಿಂತರು. “ನಮ್ಮವ್ವ ಸತ್ತಾಗ ಅವನ್ಗೆ ನಾಕು ವರ್ಷ. ಕತ್ತಲಾದ್ರೆ ನನ್ನ ಕೈ ಹಂಗೇ ಹಿಡೀತಿದ್ದ. ನಾನು ಏಳಂಗಿರ್ಲಿಲ್ಲ. ದೊಡ್ಡೋನಾದ್ಮೇಲೂ ಅಷ್ಟೇ. ಮಂಡಿ ಆಪರೇಶನ್ ದಿನ ಒಳಗೆ ಕರ್ಕೊಂಡು ಹೋಗೋವಾಗ್ಲೂ ಹಂಗೇ ಹಿಡ್ದಿದ್ದ.”

ಅಮರೇಶ ಏನೋ ಹೇಳಲು ಬಾಯಿ ತೆರೆದ.

“ಜೊತೇಲಿರು ಅಂತ ಅಲ್ಲ ಕಣ್ಲಾ. ಅವನು ಹೆದ್ರಿದ್ದ. ನನ್ನ ತಮ್ಮ ಹೆದರ್ಕೊಂಡೇ ಸತ್ತ.”

ಹಂಪಮ್ಮ ತಿರುಗಿ ಗುಂಡಿಯ ಕಡೆ ನಡೆದರು. ಮೊದಲ ಹಿಡಿ ಮಣ್ಣು ಅವರೇ ಹಾಕಿದರು. ಜೀಪಿನಿಂದ ಇಳಿಸಲಾ ಎಂದು ಕಾನ್‌ಸ್ಟೆಬಲ್ ಕೇಳಿದಾಗ ಅಮರೇಶ ಬೇಡವೆಂದು ತಲೆಯಾಡಿಸಿದ. ಸ್ವಲ್ಪ ಹೊತ್ತಿನ ನಂತರ ಜೀಪು ಠಾಣೆಯ ಕಡೆಗೆ ತಿರುಗಿತು.